ಮಾಲಿಂಗನ ಬೇರು

ಮಾಲಿಂಗ ಅವತ್ತು ಬೆಳಿಗ್ಗೆ ಬಂದು ನನ್ನ ಜಗಲಿಯ ಮೇಲೆ ಕೂತ. ಕೈಯಲ್ಲೊಂದು ಟಿಫಿನ್ ಡಬ್ಬಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದಿದ್ದ. ಐವತ್ನಾಲ್ಕು ವರ್ಷದ ಗಂಡಸು. ನಮ್ಮೂರಿನ ಕೊಡೆಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. ಕಡ್ಡಿ ಮುರಿದ ಕೊಡೆ ತಂದವರಿಗೆ, ಅದು ಸರಿಯಾಗುವವರೆಗೆ ಇರಲಿ ಎಂದು ತನ್ನದೊಂದು ಕೊಡೆ ಕೊಟ್ಟು ಕಳಿಸುತ್ತಾನೆ. ಬಿಸಿಲುಕಾಲದಲ್ಲೂ ಕೊಡುತ್ತಾನೆ.

"ಕಾಫಿ ಕುಡೀತೀಯಾ?" ಎಂದೆ.

"ಬೇಡ ವಾರಿಜಕ್ಕ. ಒಳಗೆ ಹೋಗೋಣ. ಇದನ್ನ ಬಾಗಿಲಲ್ಲಿ ತೆಗೆಯೋ ಹಾಗಿಲ್ಲ."

ಒಳಗೆ ಹೋಗಿ ಮುಚ್ಚಳ ತೆಗೆದ. ಒದ್ದೆ ಬಟ್ಟೆಯ ಮೇಲೆ ಒಂದೇ ಒಂದು ಹೂವು. ಹೆಬ್ಬೆರಳಿನ ಉಗುರಿನಷ್ಟು ಅಗಲ, ನೇರಳೆ ಬಣ್ಣ, ನಡುವೆ ಬಿಳಿ ನಾಲಿಗೆ.

"ಯಾರ ಗಿಡದ್ದು?"

"ನಂದೇ," ಎಂದ. "ಐವತ್ನಾಲ್ಕು ವರ್ಷಕ್ಕೆ ಮೊದಲನೇ ಸಲ."

ನಾನು ಕುರ್ಚಿ ಹುಡುಕಿಕೊಂಡು ಕೂತೆ. ಮಾಲಿಂಗ ಅರಿಶಿನ ಬಳಿಯವನು. ಅವನನ್ನು ಆ ಬಳಿಗೆ ಸೇರಿಸಿದವಳು ನಾನು.

ನಮ್ಮೂರಲ್ಲಿ ಮಗು ಹುಟ್ಟಿದ ತಿಂಗಳೊಳಗೆ ಆ ಮನೆಯ ಸೂರಿನ ಕೆಳಗೆ ಒಂದು ಸೀತಾಳೆ ಗಿಡ ಮೂಡುತ್ತದೆ. ನನ್ನ ಕಾಲೇಜಿನ ಪುಸ್ತಕದಲ್ಲಿ ಇದಕ್ಕೆ ಆರ್ಕಿಡ್ ಎಂದು ಹೆಸರು. ಮಗು ಬೆಳೆದಂತೆ ಗಿಡವೂ ಬೆಳೆದು ಒಂದು ದಿನ ಹೂ ಬಿಡುತ್ತದೆ. ಯಾವ ಹೂವೋ ಆ ಬಳಿ, ಅಂದರೆ ಆ ಬಳಗ. ಅಪ್ಪನದು ಕೆಂಡದ ಬಳಿಯಾದರೆ ಮಗಳದು ಬಿಳಿಯಾಗಬಹುದು, ಅಣ್ಣತಮ್ಮಂದಿರದು ಬೇರೆ ಬೇರೆಯಾಗಬಹುದು. ಕಾಯಿಲೆ ಬಿದ್ದವರ ಪಕ್ಕ ಕೂರುವುದು, ಅವರಿಗೆ ಗಂಜಿ ಕುಡಿಸುವುದು, ಬೆನ್ನು ಒರೆಸುವುದು, ಕೊನೆಗೆ ಚಟ್ಟಕ್ಕೆ ಹೆಗಲು ಕೊಡುವುದು ಬಳಿಯವರು. ಹನ್ನೆರಡು ತುಂಬಿದ ಮೇಲೆ ಎಲ್ಲರಿಗೂ ಸರದಿ ಬರುತ್ತದೆ. ಸರದಿಗೆ ಬಂದವರು ಬಾಗಿಲಲ್ಲಿ ನಿಂತು ಮಾತಾಡುವುದಿಲ್ಲ. ನೇರ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಾರೆ, ಈ ಮನೆಯಲ್ಲಿ ಏನಿದೆ, ಏನಿಲ್ಲ ಎಂದು. ಹಾಸಿಗೆ ಹಿಡಿದವರಿಗೆ ಮುಚ್ಚಳದ ಸದ್ದು ಕೇಳಿದರೆ ಅರ್ಧ ಜ್ವರ ಇಳಿಯುತ್ತದೆ. ಬೇರೆ ಬಳಿಯವರ ಅಡುಗೆಮನೆಗೆ ಮಾತ್ರ ಯಾರೂ ಕಾಲಿಡುವುದಿಲ್ಲ. ಮೂವತ್ತು ವರ್ಷದ ಹಿಂದೆ ಒಬ್ಬನು ಸ್ನೇಹಿತನ ಮೇಲಿನ ಪ್ರೀತಿಗೆ ಪರಬಳಿಯ ಚಟ್ಟಕ್ಕೆ ಹೆಗಲು ಕೊಟ್ಟ. ಒಂದು ವರ್ಷ ಅವನ ಮನೆಗೆ ಯಾರೂ ಸರದಿಗೆ ಹೋಗಲಿಲ್ಲ. ಆ ವರ್ಷವೇ ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ.

ಕೆಲವು ಗಿಡಗಳು ಹನ್ನೆರಡು ವರ್ಷವಾದರೂ ಹೂ ಬಿಡುವುದಿಲ್ಲ. ಅಂಥವರು ಒಂದು ಎಲೆ, ಒಂದು ಬೇರು ತೆಗೆದುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಊರಾಚೆ ಹೋಗಿ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿ ಬಂದವಳು. ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ, ನಡುವೆ ಬೇರನ್ನಿಟ್ಟು, ಬ್ಲೇಡಿನಿಂದ ಆಚೆ ಕಡೆ ಕಾಣುವಷ್ಟು ತೆಳ್ಳಗೆ ಕತ್ತರಿಸಿ, ಕೆಂಪು ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತೇನೆ. ಊರವರು ನನ್ನನ್ನು ಬ್ಲೇಡಮ್ಮ ಎನ್ನುತ್ತಾರೆ. ಎಲೆ ತರುವವರು ಕ್ಯಾರೆಟ್ಟನ್ನೂ ತಾವೇ ತರುತ್ತಾರೆ, ಬೇಕಾಗುವುದು ಒಂದಾದರೂ ಅರ್ಧ ಕಿಲೋ ತರುತ್ತಾರೆ. ಹಾಗಾಗಿ ನನ್ನ ಮನೆಯಲ್ಲಿ ಕ್ಯಾರೆಟ್ ಪಲ್ಯ ಮುಗಿದದ್ದೇ ಇಲ್ಲ.

ಹೂವಿಗಿಂತ ಒಳಗನ್ನು ನಂಬಬೇಕೆಂದು ಊರಿಗೆ ಹೇಳಿಕೊಟ್ಟವಳೂ ನಾನೇ. ಹೂವು ಜೇನನ್ನು ಕರೆಯಬೇಕು, ಅದಕ್ಕೆ ಪಕ್ಕದವರ ವೇಷವನ್ನೂ ಹಾಕುತ್ತದೆ. ಬೇರಿಗೆ ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ಅರಿಶಿನ ಬಳಿಯ ಬೇರನ್ನು ಅಡ್ಡ ಕತ್ತರಿಸಿದರೆ ಹೊರಗಿನ ಬಿಳಿ ಹೊದಿಕೆ, ಒಣಗಿದ ಸ್ಪಂಜಿನಂಥದ್ದು, ಆರು ಪದರ ಇರುತ್ತದೆ. ನೇರಳೆಯಲ್ಲಿ ಎರಡೇ. ಎಲೆಯ ನಾರಿನ ಪಕ್ಕ ಗಾಜಿನಂಥ ಸಣ್ಣ ಕಣಗಳು ಸಾಲಾಗಿ ಕೂತಿರುತ್ತವೆ. ಅರಿಶಿನದಲ್ಲಿ ಅವು ಗೋಪುರದಂತೆ ಚೂಪು, ನೇರಳೆಯಲ್ಲಿ ಸಾಸಿವೆಯಂತೆ ದುಂಡು. ಹತ್ತೊಂಬತ್ತು ಬಳಿಗಳ ಸ್ಲೈಡುಗಳೂ ನನ್ನ ಮರದ ಪೆಟ್ಟಿಗೆಯಲ್ಲಿವೆ. ಹೊಸದನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಬೇಕು.

"ಹೂವು ನೋಡಿ ಹೆದರಬೇಡ. ಅದು ವೇಷ ಇರಬಹುದು. ನಲವತ್ತೆರಡು ವರ್ಷದ ಹಿಂದೆ ನಿನ್ನ ಬೇರು ನೋಡಿದೀನಲ್ಲ, ಆರು ಪದರ ಇತ್ತು," ಎಂದೆ.

"ಇನ್ನೊಂದು ಸಲ ನೋಡಿಬಿಡಿ ಅಕ್ಕ," ಎಂದು ಅಂಗಿಯ ಜೇಬಿನಿಂದ ಒಂದು ಎಲೆ, ಒಂದು ತುಂಡು ಬೇರು ತೆಗೆದ. ಇನ್ನೊಂದು ಜೇಬಿನಿಂದ ಕ್ಯಾರೆಟ್. "ಗಿಡದಲ್ಲಿ ಇಳಿಬಿದ್ದಿರೋ ಹೂವಿನ ದಂಡೆಗೆ ಗೋಣಿ ಹೊದಿಸಿ ಬಂದಿದೀನಿ. ಹೊನ್ನಯ್ಯಜ್ಜ ಇವತ್ತೋ ನಾಳೆಯೋ ಅನ್ನೋ ಹಾಗಿದಾರೆ. ನಾನು ಅರಿಶಿನ ಅಲ್ಲ ಅಂತಾದ್ರೆ…"

ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ಹೊನ್ನಯ್ಯ ಅವನ ಪಕ್ಕದ ಮನೆಯವರು, ಅರಿಶಿನ ಬಳಿ, ಎಂಬತ್ತೆಂಟು ವರ್ಷ. ಒಂದು ಕಾಲದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಾಲಿಂಗನ ತಾಯಿ ಸತ್ತಾಗ ಅವನಿಗೆ ಹನ್ನೆರಡು ತುಂಬುವುದರಲ್ಲಿತ್ತು. ಅಪ್ಪ ಊರೂರು ತಿರುಗಿ ಕೊಡೆ ಸರಿಮಾಡುತ್ತಿದ್ದ. ಹುಡುಗ ಬೆಳೆದದ್ದು ಹೊನ್ನಯ್ಯನ ಗಿರಣಿಯ ಬಾಗಿಲಲ್ಲಿ. ಈಗ ಹೊನ್ನಯ್ಯ ಹಾಸಿಗೆ ಹಿಡಿದು ನಾಲ್ಕು ತಿಂಗಳು. ಸರದಿ ಯಾರದೇ ಇರಲಿ, ಗಡ್ಡ ಹೆರೆಯುವುದು ಮಾಲಿಂಗನೇ. ಅಜ್ಜನ ಗಿಡದಲ್ಲಿ ಒಂದೇ ಎಲೆ ಉಳಿದಿತ್ತು. ಅದು ಉದುರುವ ದಿನ ಎಂಥದ್ದೆಂದು ಊರಿಗೆಲ್ಲ ಗೊತ್ತು.

ಮಾಲಿಂಗ ಹೋದ ಮೇಲೆ ಕಿಟಕಿಯ ಬೆಳಕಿಗೆ ಕೂತೆ. ಈಚೆಗೆ ನನ್ನ ಬ್ಲೇಡು ಮೊದಲಿನ ಹಾಗೆ ನೇರ ಓಡುವುದಿಲ್ಲ. ಏಳು ತುಂಡು ಹಾಳಾಗಿ ಎಂಟನೆಯದು ಸರಿಯಾಯಿತು. ನೋಡಿದೆ. ಬೇರಿನ ಹೊದಿಕೆ ಎರಡು ಪದರ. ಎಲೆಯ ಕಣಗಳು ದುಂಡು. ಮತ್ತೆ ಮತ್ತೆ ಎಣಿಸಿದೆ. ಪೆಟ್ಟಿಗೆಯಿಂದ ನಲವತ್ತೆರಡು ವರ್ಷದ ಹಿಂದಿನ ಸ್ಲೈಡು ತೆಗೆದೆ. ಕೆಂಪು ಮಾಸಿ ಗುಲಾಬಿಯಾಗಿತ್ತು, ಆದರೂ ಸ್ಪಷ್ಟವಾಗಿತ್ತು: ಆರು ಪದರ. ಅಂಚಿನ ಚೀಟಿಯಲ್ಲಿ ನನ್ನದೇ ದುಂಡಕ್ಷರದಲ್ಲಿ 'ಮಾಲಿಂಗ, ಬೇರು.'

ಒಬ್ಬ ಮನುಷ್ಯ, ಎರಡು ಬೇರು. ಎರಡೂ ಸುಳ್ಳು ಹೇಳುವ ಹಾಗಿಲ್ಲ. ಹಾಗಾದರೆ ತಪ್ಪಿದವಳು ನಾನು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ನೇರಳೆ ಬಳಿಯವಳು. ಸದ್ಯಕ್ಕೆ ಆ ಬಳಿಯಲ್ಲಿ ಇರುವುದು ನಾನೊಬ್ಬಳೇ. ಹೋದ ವರ್ಷ ಹನ್ನೊಂದು ದಿನ ಜ್ವರ ಬಂದಿತ್ತು. ಅಕ್ಕಪಕ್ಕದವರು ಹೊಸ್ತಿಲ ಮೇಲೆ ಗಂಜಿ ಇಟ್ಟು, "ಬ್ಲೇಡಮ್ಮ, ಇಟ್ಟಿದೀವಿ, ನೊಣ ಕೂರೋದ್ರೊಳಗೆ ತಗೊಳ್ಳಿ!" ಎಂದು ಕೂಗಿ ಹೋಗುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಬಂದು ತೆಗೆದುಕೊಳ್ಳುತ್ತಿದ್ದೆ. ಅವರು ಒಳ್ಳೆಯವರೇ. ಆದರೆ ಹನ್ನೊಂದು ದಿನ ನನ್ನ ಅಡುಗೆಮನೆಯಲ್ಲಿ ಒಂದು ಮುಚ್ಚಳವೂ ಸದ್ದು ಮಾಡಲಿಲ್ಲ. ಈಗ ಸೂಕ್ಷ್ಮದರ್ಶಕದಲ್ಲಿ ಎರಡು ಪದರ ಕಂಡಾಗ ನನಗೆ ಮೊದಲು ಬಂದದ್ದು ಮಾಲಿಂಗನ ಚಿಂತೆಯಲ್ಲ. ನನಗೊಬ್ಬ ಸಿಕ್ಕಿದ ಎಂಬ ಸಂತೋಷ. ಆ ಸಂತೋಷಕ್ಕೆ ನಾಚಿಕೆಯಾಗಿ, ಅದೇ ಕಾರಣಕ್ಕೆ ಇನ್ನೊಂದು ತುಂಡು ಕತ್ತರಿಸಿ ನೋಡಿದೆ. ಎರಡೇ ಪದರ.

ಮಾರನೆಯ ದಿನ ಹೊನ್ನಯ್ಯನ ಮನೆಗೆ ಹೋದೆ. ಪರಬಳಿಯವರು ನೋಡಲು ಹೋಗಬಹುದು, ಏನನ್ನೂ ಮುಟ್ಟಬಾರದು. ಅವತ್ತಿನ ಸರದಿ ಸಣ್ಣತಾಯಮ್ಮನದು. ಅರಿಶಿನ ಬಳಿಗೆ ಹಿರಿಯಳು, ಬಾಯಿ ಜೋರು.

"ಬಾ ಬ್ಲೇಡಮ್ಮ. ನಮ್ಮಜ್ಜನ್ನೂ ಕ್ಯಾರೆಟ್ಟಿನೊಳಗಿಟ್ಟು ಕುಯ್ಯಕ್ಕೆ ಬಂದ್ಯಾ?"

"ನಿನ್ನ ನಾಲಿಗೆ ಕುಯ್ಯೋಣ ಅಂತ ಬಂದೆ. ಆದರೆ ಅದು ನನ್ನ ಬ್ಲೇಡಿಗೆ ಬಗ್ಗೋದಿಲ್ಲ."

ಅವಳು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, ಗಂಜಿಯ ಬಟ್ಟಲು ತೊಳೆಯಲು ಹಿತ್ತಲಿಗೆ ಹೋದಳು.

ಹಾಸಿಗೆಯ ಪಕ್ಕದ ಕಿಟಕಿಯಿಂದ ಎರಡು ಮನೆಗೂ ಸೇರಿದ ನಡುಗೋಡೆ ಕಾಣುತ್ತಿತ್ತು. ಆ ಕಡೆಯ ಸೂರಿಗೆ ಮಾಲಿಂಗನ ಗಿಡ, ಗೋಣಿಯೊಳಗೆ. ಈ ಕಡೆಗೆ ಹೊನ್ನಯ್ಯನ ಗಿಡ, ಒಂಟಿ ಎಲೆ. ಎರಡರ ಬೇರುಗಳೂ ಗೋಡೆಯ ಮೇಲೆ ಇಳಿದು ಒಂದರೊಳಗೊಂದು ಹೆಣೆದುಕೊಂಡಿದ್ದವು. ಎಲ್ಲಿ ಯಾವುದು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅದನ್ನು ನೋಡುತ್ತಿದ್ದಂತೆ ಆ ದಿನ ನೆನಪಾಯಿತು. ನನಗೆ ಇಪ್ಪತ್ತೆಂಟು, ಕೆಲಸಕ್ಕೆ ಸೇರಿದ ಮೊದಲ ವರ್ಷ. ಹುಡುಗ ಗಿಡದ ಕೆಳಗೆ ನಿಂತಿದ್ದ. "ಎರಡೇ ಎಲೆ ಇದೆ ಅಕ್ಕ, ಕುಯ್ಯಬೇಡಿ," ಎಂದಿದ್ದ. ತಾಯಿ ಸತ್ತ ಮಗು ಎಂದು ನಾನು ಎಲೆಯನ್ನು ಮುಟ್ಟಲಿಲ್ಲ. ಬರೀ ಬೇರು ಸಾಕು ಎಂದುಕೊಂಡೆ. ಸ್ಟೂಲಿನ ಮೇಲೆ ಹತ್ತಿ ಯಾವುದನ್ನು ಹಿಡಿಯಲಿ ಎಂದು ತಡವರಿಸುತ್ತಿದ್ದಾಗ, ಗೋಡೆಯ ಈ ಕಡೆಯಿಂದ ಒಂದು ಬೆರಳು ತೋರಿಸಿತ್ತು: "ಅದು ಹುಡುಗಂದು, ಅದನ್ನ ತಗೋ."

"ಹೊನ್ನಯ್ಯಣ್ಣ, ಅವತ್ತು ನೀವು ತೋರಿಸಿದ ಬೇರು ಯಾರದು?" ಎಂದು ಕೇಳಿದೆ.

ಅವರು ಕಣ್ಣು ತೆರೆದರು.

"ಹೂ ಬಿಡ್ತಾ?"

"ಬಿಡ್ತು."

"ನಂದೇ ಬೇರು ತಾಯಿ. ಬೇಕು ಅಂತಲೇ ತೋರಿಸಿದೆ. ಅವನ ಎಲೆ ತುದಿ ಅಂಬಕ್ಕ ತುಂಗಕ್ಕನ ಗಿಡದ ಥರಾನೇ ಸೀಳಿತ್ತು. ನನಗೆ ಗೊತ್ತಾಗಿತ್ತು."

ಅಂಬಕ್ಕ, ತುಂಗಕ್ಕ ನಮ್ಮ ನೇರಳೆ ಬಳಿಯ ಅಕ್ಕತಂಗಿಯರು. ಆಗ ಇಬ್ಬರೂ ಹಾಸಿಗೆ ಹಿಡಿದಿದ್ದರು. ಬಳಿಯಲ್ಲಿ ಎದ್ದು ಓಡಾಡುವವಳು ನಾನೊಬ್ಬಳೇ. ಎಂ.ಎಸ್ಸಿ.ಗೆ ನನಗೆ ಸೀಟು ಸಿಕ್ಕಿತ್ತು. ಅವರನ್ನು ಬಿಟ್ಟು ಹೋಗಲಾಗಲಿಲ್ಲ. ಆರು ವರ್ಷ ದಿನವೂ ನನ್ನದೇ ಸರದಿ.

"ಆ ಹುಡುಗ ಎರಡು ವರ್ಷ ಅವ್ವನ ಕೆಮ್ಮು ಕೇಳ್ಕೊಂಡೇ ಮಲಗಿದ್ದ," ಹೊನ್ನಯ್ಯ ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. "ಅವಳು ಹೋಗಿ ಮೂರು ತಿಂಗಳಾಗಿತ್ತು. ಹನ್ನೆರಡು ತುಂಬಿತು ಅಂತ ಮತ್ತೆ ಅವನನ್ನ ಇಬ್ಬರು ಮುದುಕಿಯರ ಪಕ್ಕ ಕೂರಿಸೋದಾ? ನಮ್ಮ ಬಳಿಲಿ ಅರವತ್ತು ಜನ. ಎರಡು ತಿಂಗಳಿಗೊಂದು ಸರದಿ. ಆಡ್ಕೊಂಡಿರ್ತಾನೆ ಅಂದ್ಕೊಂಡೆ. ಅವನ ಪಾಲಿನದು ನಿನ್ನ ತಲೆ ಮೇಲೆ ಬೀಳುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ನೀನು ಓದೋಕೆ ಹೋಗಬೇಕಿತ್ತಂತೆ."

ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಎಂಬತ್ತೆಂಟು ವರ್ಷದ ಆ ಮುಖದ ಮೇಲೆ ಅದನ್ನು ಇಡಲು ಜಾಗ ಕಾಣಲಿಲ್ಲ. ಆಗ ಇನ್ನೊಂದು ವಿಷಯ ಹೊಳೆಯಿತು.

"ಅಂಬಕ್ಕನ ಹಿತ್ತಲಲ್ಲಿ ದಿನಾ ಬೆಳಿಗ್ಗೆ ನೀರು ತುಂಬಿರ್ತಿತ್ತು. ಸೌದೆ ಸೀಳಿ ಒಟ್ಟಿರ್ತಿತ್ತು. ಆರು ವರ್ಷ. ಅವರ ಅಣ್ಣನ ಮಗ ಅಂತ ತಿಳ್ಕೊಂಡಿದ್ದೆ."

ಹೊನ್ನಯ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ಅಡುಗೆಮನೆಯೊಳಗೆ ಕಾಲಿಟ್ಟಿಲ್ಲ," ಎಂದರು, ನಾನು ಏನೋ ಆಪಾದನೆ ಹೊರಿಸಿದೆನೇನೋ ಎಂಬಂತೆ. "ಹಿತ್ತಲಷ್ಟೇ."

ಸಂಜೆ ಮಾಲಿಂಗ ಬಂದ. ಎಲ್ಲವನ್ನೂ ಹೇಳಿದೆ. ಅವನು ಮೇಜಿನ ಮೇಲಿದ್ದ ಬಳಿ ಪುಸ್ತಕದ ಕಡೆ ನೋಡಿದ.

"ಪುಸ್ತಕದಲ್ಲಿ ಬರೀತೀರಾ?"

"ಬರೀಬೇಕು."

ಬಳಿ ಪುಸ್ತಕ ಇರುವುದು ನನ್ನ ಹತ್ತಿರ. ಏನಾದರೂ ಬದಲಾದರೆ ಗುರುವಾರ ಸಂತೆಯ ಕಟ್ಟೆಯ ಮೇಲೆ ನಿಂತು ನಾನೇ ಓದಿ ಹೇಳಬೇಕು. ಓದಿದ ಮೇಲೆ ಅದು ಊರಿನ ಮಾತು. ಅವತ್ತು ಸೋಮವಾರ.

"ಗುರುವಾರ ಆದ ಮೇಲೆ ಅಜ್ಜನ್ನ ಮುಟ್ಟೋ ಹಾಗಿಲ್ಲ," ಎಂದ. ಬರೆಯಬೇಡಿ ಎಂದು ನನ್ನನ್ನು ಕೇಳಿಕೊಳ್ಳಲಿಲ್ಲ. ಹೊರಡುವಾಗ ನನ್ನ ಬಾಗಿಲ ಹಿಂದಿದ್ದ ಕೊಡೆಯನ್ನು ಬಿಚ್ಚಿ ನೋಡಿ, ಸಡಿಲವಾಗಿದ್ದ ಒಂದು ಕಡ್ಡಿಯನ್ನು ಬೆರಳಿನಿಂದಲೇ ಬಿಗಿ ಮಾಡಿಟ್ಟು ಹೋದ.

ಬುಧವಾರ ಗಾಳಿಗೆ ಗೋಣಿ ಹಾರಿಹೋಯಿತು. ಮೊಳದುದ್ದದ ನೇರಳೆ ದಂಡೆ ಬೀದಿಯ ಮೇಲೆ ತೂಗಾಡತೊಡಗಿತು. ಅರಿಶಿನ ಬಳಿಯವರು ಅದರ ಕೆಳಗೇ ಹಾದು ಸರದಿಗೆ ಹೋಗಿ ಬರುತ್ತಿದ್ದರು. ಒಬ್ಬರು ಚಪ್ಪಲಿಯ ಉಂಗುಷ್ಠ ನೋಡಿಕೊಂಡು ಹೋದರು. ಒಬ್ಬರಿಗೆ ಸೆರಗು ಸರಿಮಾಡಿಕೊಳ್ಳುವ ಕೆಲಸ ಬಿತ್ತು. ನಾನು ಎದುರಿನ ಅಂಗಡಿಯಲ್ಲಿ ನಿಂತು ನೋಡುತ್ತಿದ್ದೆ. ಒಬ್ಬರೂ ತಲೆ ಎತ್ತಲಿಲ್ಲ.

ಗುರುವಾರ ಪುಸ್ತಕ ಹಿಡಿದು ಕಟ್ಟೆಗೆ ಹೋದೆ. ಹೊನ್ನಯ್ಯನ ಎಲೆ ಇನ್ನೂ ಇತ್ತು, ಅರ್ಧ ಹಳದಿಯಾಗಿ. ಮಾಲಿಂಗ ಅಲ್ಲಿಗೆ ಬಂದಿರಲಿಲ್ಲ. ಅವತ್ತು ಅಜ್ಜನ ಗಡ್ಡ ಹೆರೆಯುವ ದಿನ. ನಾನು ಪುಸ್ತಕ ತೆರೆದೆ. ಸಣ್ಣತಾಯಮ್ಮ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ಬ್ಲೇಡಮ್ಮ, ನಿನ್ನ ಕನ್ನಡಕ ಕೊಡು ಇಲ್ಲಿ."

"ಯಾಕೆ?"

"ಸೂಜಿಗೆ ದಾರ ಪೋಣಿಸಬೇಕು."

"ಸಂತೇಲಿ ನಿಂತ್ಕೊಂಡು ಸೂಜಿಯಾ?"

"ನನ್ನ ಸೂಜಿ, ನನ್ನ ದಾರ. ಸಂತೆ ಏನು ನಿಮ್ಮಪ್ಪಂದಾ?" ಎನ್ನುತ್ತ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡು, ಮಡಚಿ, ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು ದಾರಿ ಹಿಡಿದಳು. ಯಾರೋ ಹಿಂದಿನಿಂದ, "ಕನ್ನಡಕ ಇಲ್ದೆ ಓದಿದ್ರೆ ತಪ್ಪಾಗುತ್ತೆ. ಬರೋ ವಾರ ಓದ್ಲಿ ಬಿಡಿ," ಎಂದರು. ಇನ್ನೊಬ್ಬರು, "ಹೌದೌದು, ಅಮ್ಮೋರಿಗೆ ವಯಸ್ಸಾಯ್ತು," ಎಂದರು.

ನಲವತ್ತೆರಡು ವರ್ಷದಲ್ಲಿ ನಾನು ಒಂದು ಗುರುವಾರವನ್ನೂ ತಪ್ಪಿಸಿರಲಿಲ್ಲ. ನನ್ನ ಕೈಚೀಲದಲ್ಲಿ ಇನ್ನೊಂದು ಕನ್ನಡಕವಿತ್ತು. ಚೀಲದೊಳಗೆ ಕೈ ಹಾಕಿದೆ, ಅದರ ಡಬ್ಬಿ ಬೆರಳಿಗೆ ಸಿಕ್ಕಿತು. ಅದರ ಪಕ್ಕದಲ್ಲಿದ್ದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಪುಸ್ತಕ ಮುಚ್ಚಿದೆ.

ಶನಿವಾರ ಮಧ್ಯಾಹ್ನ ಹೊನ್ನಯ್ಯ ಹೋದರು. ಗಡ್ಡ ನುಣ್ಣಗಿತ್ತು. ಚಟ್ಟ ಎತ್ತುವಾಗ ಮಾಲಿಂಗ ಹಿಂದೆ ಸರಿದು ಗೋಡೆಗೆ ಒರಗಿ ನಿಂತಿದ್ದ. ಅವನ ತಲೆಯ ಮೇಲೇ ನೇರಳೆ ದಂಡೆ. ಅರವತ್ತು ಜನ ಅವನ ಕಡೆ ನೋಡಬೇಕಾಗಿ ಬಂತು, ದಂಡೆಯ ಕಡೆ ನೋಡದೆ.

"ಏನೋ ಮಾಲಿಂಗ, ಮದುಮಗನ ಥರ ಕರೀಬೇಕಾ?" ಸಣ್ಣತಾಯಮ್ಮ ಗದರಿದಳು. "ನಿನ್ನ ಹೆಗಲು ಎತ್ತರ. ತಲೆ ಕಡೆಗೆ ಬಾ. ಅಜ್ಜನ ತಲೆ ಜಗ್ಗಿದ್ರೆ ನಿನ್ನನ್ನ ಬಿಡೋದಿಲ್ಲ."

ಅವನು ಬಂದ. ನಾನು ಬೀದಿಯ ಅಂಚಿನಲ್ಲಿ ನಿಂತು ಆ ಚಟ್ಟ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಒಮ್ಮೆಯೂ ಅದು ಜಗ್ಗಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಕನ್ನಡಕ ನನ್ನ ಹೊಸ್ತಿಲ ಮೇಲಿತ್ತು. ಗಾಜು ಒರೆಸಿ, ಸಡಿಲವಾಗಿದ್ದ ಕಿವಿಯ ಕಡ್ಡಿಗೆ ದಾರ ಸುತ್ತಿ ಬಿಗಿ ಮಾಡಿತ್ತು. ದಾರ ಪೋಣಿಸಿದ್ದಂತೂ ನಿಜ. ಕಟ್ಟೆಯ ಮೇಲೆ ನಿಂತು ಓದಿದೆ: ಮಾಲಿಂಗನನ್ನು ಅರಿಶಿನ ಬಳಿಗೆ ಬರೆದದ್ದು ನನ್ನ ತಪ್ಪು, ಎಲೆಯನ್ನು ನೋಡದೆ ಬರೀ ಬೇರು ನೋಡಿದ್ದೆ, ಅವನು ನೇರಳೆ. ಹೊನ್ನಯ್ಯನ ಬೆರಳಿನ ವಿಷಯವನ್ನು ಓದಲಿಲ್ಲ. ಅದು ಪುಸ್ತಕಕ್ಕೆ ಸೇರಿದ್ದಲ್ಲ. ಸಣ್ಣತಾಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ, ಹೌದಾ? ನಮಗೆ ಗೊತ್ತೇ ಇರಲಿಲ್ಲ!" ಎಂದಳು. ಅವಳಿಗಿಂತ ಕೆಟ್ಟದಾಗಿ ನಟಿಸುವವರನ್ನು ನಾನು ನೋಡಿಲ್ಲ.

ಮಧ್ಯಾಹ್ನ ಮಾಲಿಂಗ ಬಂದ. ಕೈಯಲ್ಲಿ ಏನೂ ಇರಲಿಲ್ಲ. ನಾನು ಎರಡೂ ಸ್ಲೈಡುಗಳನ್ನು ತೆಗೆದು, ಹಳೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅವನು ಅದರಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಒಂದು ಕಣ್ಣು ಮುಚ್ಚಲು ಬಾರದೆ ಅಂಗೈ ಅಡ್ಡ ಹಿಡಿದುಕೊಂಡ.

"ಚಕ್ರದ ಥರ ಇದೆ. ಕೊಡೆ ಬಿಚ್ಚಿಟ್ಟ ಹಾಗಿದೆ. ಇದು ಅಜ್ಜಂದಾ?"

"ಅಜ್ಜಂದು. ನಿನ್ನ ಹೆಸರಿನ ಚೀಟಿ ತೆಗೀಬೇಕು."

ಅವನು ಬಹಳ ಹೊತ್ತು ನೋಡಿದ. ಕಣ್ಣು ತೆಗೆಯದೆಯೇ, "ತೆಗೀಬೇಡಿ ಅಕ್ಕ. ಹೆಸರು ಅಲ್ಲೇ ಇರಲಿ. ಅಜ್ಜನ ಹೆಸರನ್ನ ಪಕ್ಕದಲ್ಲಿ ಬರೀರಿ," ಎಂದ.

ಚೀಟಿಯಲ್ಲಿ ಜಾಗ ಕಡಿಮೆಯಿತ್ತು. ಸಣ್ಣ ಅಕ್ಷರದಲ್ಲಿ ಬರೆದೆ. ಆದರೂ ಹೊನ್ನಯ್ಯನ ಹೆಸರು ಮಾಲಿಂಗನ ಹೆಸರಿನ ಮೇಲೆ ಸ್ವಲ್ಪ ಏರಿತು.

ಆಮೇಲೆ ಹೊಸ ಸ್ಲೈಡು ಇಟ್ಟೆ. ಅದನ್ನು ಅವನು ಒಂದೇ ಕ್ಷಣ ನೋಡಿದ.

"ನಿಮ್ಮದೂ ಹೀಗೇನಾ?"

"ಹೀಗೇ. ಎರಡು ಪದರ. ತೆಳ್ಳಗೆ."

ಅವನು ಎದ್ದ. ಹೊರಟ ಎಂದುಕೊಂಡು ನಾನು ಬ್ಲೇಡನ್ನು ಕಾಗದದಲ್ಲಿ ಸುತ್ತತೊಡಗಿದೆ. ಬಾಗಿಲ ಕಡೆ ಹೆಜ್ಜೆಯ ಸದ್ದು ಬರಲಿಲ್ಲ. ಕೈ ನಿಲ್ಲಿಸಿ ಕಿವಿಗೊಟ್ಟೆ. ಒಳಗೆ, ಒಲೆಯ ಪಕ್ಕದಲ್ಲಿ, ಮುಚ್ಚಳವೊಂದು ಎದ್ದು ಪಾತ್ರೆಯ ಅಂಚಿಗೆ ತಾಗಿತು. ಆಮೇಲೆ ಇನ್ನೊಂದು.

"ಬರೀ ಕ್ಯಾರೆಟ್ ಪಲ್ಯ!" ಮಾಲಿಂಗ ಒಳಗಿನಿಂದ ಗದರಿದ. "ದಿನಾ ಇದನ್ನೇ ತಿನ್ನೋದಾ ಅಕ್ಕ?"